ಸಿಡಿಲು ಹಿತ್ತಿಲಿನಿಂದ ಬಂದಿದೆ, ನೀವು ಹೆಬ್ಬಾಗಿಲಿಗೆ ಬೀಗ ಹಾಕಿದ್ದೀರಿ

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿಮನೆ. ಮಗಳು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾಳೆ, ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಇಂಟರ್‌ನೆಟ್ ಬರುವುದು ರಸ್ತೆ ಬದಿಯ ಮನೆಯಲ್ಲಿಟ್ಟ ಪೆಟ್ಟಿಗೆಯಿಂದ, ತೋಟದ ಮೇಲೆ ಎಳೆದ ಲ್ಯಾನ್ ಕೇಬಲ್‌ನಲ್ಲಿ. ಮೇ ತಿಂಗಳ ಗುಡುಗು ಮಳೆಗೆ ರೂಟರ್ ಸುಟ್ಟುಹೋಯಿತು, ಕಂಪ್ಯೂಟರಿನ ಲ್ಯಾನ್ ಪೋರ್ಟ್ ಕೂಡ ಸತ್ತಿತು. ಉಳಿದದ್ದೆಲ್ಲ ಸರಿ ಇದೆ. ಸ್ಪೈಕ್ ಗಾರ್ಡ್ ಹಾಕಿದ್ದೆವು, ಗೋಡೆಯ ಸ್ವಿಚ್ ಕೂಡ ಆಫ್ ಮಾಡಿದ್ದೆವು. ಈಗ ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ, 1100 ವಿಎ ಯುಪಿಎಸ್ ತೆಗೆದುಕೊಳ್ಳಿ, ಅದಕ್ಕೆ ಸ್ಪೈಕ್ ಗಾರ್ಡ್ ಸಿಕ್ಕಿಸಿ ಎನ್ನುತ್ತಾರೆ. ಮನೆಗೆ ಇನ್ವರ್ಟರ್ ಇದೆ. ಸಂಜೆ ವೋಲ್ಟೇಜ್ ತುಂಬಾ ಕಡಿಮೆ. ಕಂಪ್ಯೂಟರ್ ಮುಟ್ಟಿದರೆ ಕೆಲವೊಮ್ಮೆ ಜುಮ್ ಎನ್ನುತ್ತದೆ. ಏನು ಮಾಡುವುದು?

ಉತ್ತರ: ಅಂಗಡಿಗೆ ಹೋಗುವ ಮೊದಲು ಏನು ಸುಟ್ಟಿದೆ, ಏನು ಉಳಿದಿದೆ ಅಂತ ಸ್ವಲ್ಪ ನೋಡೋಣ. ರೂಟರ್ ಹೋಯಿತು. ಕಂಪ್ಯೂಟರಿನಲ್ಲಿ ಲ್ಯಾನ್ ಪೋರ್ಟ್ ಮಾತ್ರ ಹೋಯಿತು. ಕರೆಂಟ್ ಮೊದಲು ಹೋಗಿ ಮುಟ್ಟುವ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಪೆಟ್ಟಿಗೆ, ಬದುಕಿದೆ, ಮಾನಿಟರ್ ಬದುಕಿದೆ. ಸಿಡಿಲು ಕರೆಂಟ್ ವೈರಿನಲ್ಲಿ ಬಂದಿದ್ದರೆ ಹೀಗೆ ಆರಿಸಿ ಆರಿಸಿ ಸುಡುತ್ತಿರಲಿಲ್ಲ. ಅದು ಬಂದದ್ದು ತೋಟದ ಮೇಲಿನ ಲ್ಯಾನ್ ಕೇಬಲ್‌ನಿಂದ, ಇದು ಬಹುಮಟ್ಟಿಗೆ ಖಚಿತ. ನೀವು ಹೆಬ್ಬಾಗಿಲಿಗೆ ಸ್ಪೈಕ್ ಗಾರ್ಡ್ ಎನ್ನುವ ಬೀಗ ಹಾಕಿ ಕೂತಿದ್ದಿರಿ, ಅದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು. ಹಾಗಾಗಿ ಈಗ 1100 ವಿಎ ಅಲ್ಲ, ಹತ್ತು ಸಾವಿರ ವಿಎ ಯುಪಿಎಸ್ ತಂದರೂ ಮುಂದಿನ ಭರಣಿ ಮಳೆಗೆ ಇದೇ ಕಥೆ.

ಕೇಬಲ್‌ಗೆ ನೇರವಾಗಿ ಸಿಡಿಲು ಹೊಡೆಯಲೇಬೇಕು ಅಂತ ಇಲ್ಲ. ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟು ಕರೆಂಟ್ ಹರಿಯುತ್ತದೆ. ಅದು ನಾಲ್ಕು ಮನೆ ಆಚೆಯ ತೆಂಗಿನ ಮರಕ್ಕೆ ಬಿದ್ದರೂ ಸಾಕು, ಹತ್ತಿರದಲ್ಲಿ ಗಾಳಿಯಲ್ಲಿ ತೂಗಾಡುವ ಉದ್ದದ ತಾಮ್ರದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಲ್ಯಾನ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸಾಮಾನ್ಯವಾಗಿ ಅದು ತಡೆಯುವುದು 1500 ವೋಲ್ಟ್. ಅದು ಸೋತ ಮೇಲೆ ಲ್ಯಾನ್ ಚಿಪ್ ಉಳಿಯುವುದಿಲ್ಲ. ನನ್ನ ಟೇಬಲ್ಲಿಗೆ ಮೇ, ಜೂನ್‌ನಲ್ಲಿ ಬರುವ ಬೋರ್ಡುಗಳಲ್ಲಿ ಇದೇ ಜಾಸ್ತಿ: ಪೋರ್ಟಿನ ಪಕ್ಕದ ಚೌಕದ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಂದು ಕಲೆ, ಉಳಿದ ಬೋರ್ಡು ಹೊಚ್ಚ ಹೊಸದರಂತೆ.

ಇನ್ನು ಸ್ವಿಚ್ ಆಫ್ ಮಾಡಿದ್ದೆವು ಎಂದಿರಿ. ಎಲ್ಲರೂ ಮಾಡುವುದು ಅದನ್ನೇ, ಬೇಜಾರು ಮಾಡಿಕೊಳ್ಳಬೇಡಿ. ಗೋಡೆಯ ಸ್ವಿಚ್ ಫೇಸ್ ವೈರನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ಫೇಸ್ ಕಡೆಯಲ್ಲೂ ಸ್ವಿಚ್ಚಿನ ಒಳಗಿನ ಅಂತರ ಎಷ್ಟು? ಎರಡು ಮೂರು ಮಿಲಿಮೀಟರ್. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಹಾರಲು ಸುಮಾರು 3000 ವೋಲ್ಟ್ ಸಾಕು. ಮೋಡದಿಂದ ನೆಲದ ತನಕ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಈ ಮೂರು ಮಿಲಿಮೀಟರ್ ಯಾವ ಲೆಕ್ಕ ಅಲ್ವಾ? ಪಿನ್ ಕಿತ್ತು ಒಂದು ಗೇಣು ದೂರ ಇಟ್ಟರೆ ಮಾತ್ರ ಅದು ಆಫ್. ನೆಟ್ ಕೇಬಲ್ಲೂ ಹಾಗೆಯೇ. ರೂಟರಿನಿಂದ ಹೊರಗಿನ ಕೇಬಲ್ ಕಿತ್ತು, ತುದಿಯನ್ನು ಯಾವ ಸಾಮಾನಿಗೂ ತಾಗದಂತೆ ಕಿಟಕಿ ಹತ್ತಿರ ಬಿಡಿ. ಇದನ್ನು ಗುಡುಗು ತಲೆಯ ಮೇಲೆ ಬಂದಾಗ ಮಾಡಲು ಹೋಗಬೇಡಿ, ಆಗ ಕೇಬಲ್ ಮುಟ್ಟುವುದೇ ಅಪಾಯ. ಮಿಂಚು ಕಂಡು ಸದ್ದು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಎಣಿಕೆ 30 ದಾಟುವ ದೂರದಲ್ಲಿ ಇರುವಾಗಲೇ ಕಿತ್ತು ಮುಗಿಸಿ. ಪುಣೆಯ ಐಐಟಿಎಂ ಸಂಸ್ಥೆಯ ದಾಮಿನಿ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು, ಈ ಎರಡು ಆ್ಯಪ್‌ಗಳಲ್ಲಿ ಒಂದನ್ನು ಮಗಳ ಫೋನಿಗೆ ಹಾಕಿಕೊಡಿ, ಮೊದಲೇ ಎಚ್ಚರಿಸುತ್ತವೆ.

ಆದರೆ ದಿನಾ ಮಧ್ಯಾಹ್ನ ಮೂರು ಗಂಟೆಗೆ ಮೀಟಿಂಗ್ ನಡುವೆ ಕೇಬಲ್ ಕೀಳು ಎಂದರೆ ಯಾರು ತಾನೇ ಕೀಳುತ್ತಾರೆ. ಒಂದು ದಿನ ಮರೆತೇ ಮರೆಯುತ್ತಾರೆ. ಅದಕ್ಕೆ ನನ್ನ ಸಲಹೆ ಬೇರೆ. ಆ ಮದರ್‌ಬೋರ್ಡ್ ಬದಲಿಸಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈಫೈ ಡಾಂಗಲ್ ತಂದು ಸಿಕ್ಕಿಸಿ. ಯುಎಸ್‌ಬಿ ಲ್ಯಾನ್ ಡಾಂಗಲ್ ಅಲ್ಲ, ಅದು ಮತ್ತೆ ಅದೇ ಹಿತ್ತಿಲ ಬಾಗಿಲು ತೆರೆದಂತೆ. ವೈಫೈ ಆದರೆ ಕಂಪ್ಯೂಟರಿಗೂ ತೋಟದ ತಂತಿಗೂ ನಡುವೆ ತಾಮ್ರವೇ ಇರುವುದಿಲ್ಲ, ಬರೀ ಗಾಳಿ. ಮುಂದೆ ಮರೆತ ದಿನ ಸಿಡಿಲು ಆ ದಾರಿಯಲ್ಲಿ ಬಂದರೂ ಹೋಗುವುದು ರೂಟರ್ ಮಾತ್ರ. ಜೊತೆಗೆ ನೆಟ್‌ನವರ ಹತ್ತಿರ ತಾಮ್ರದ ಬದಲು ಫೈಬರ್ ಎಳೆಯಲು ಕೇಳಿ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಒಂದೇ ಎಚ್ಚರ, ಕೆಲವು ಫೈಬರ್ ಕೇಬಲ್‌ಗಳ ಪಕ್ಕದಲ್ಲಿ ಬಿಗಿಯಾಗಿ ಎಳೆಯಲು ಉಕ್ಕಿನ ತಂತಿ ಇರುತ್ತದೆ, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಈಗ ಆ ಜುಮ್ ಎನ್ನುವ ವಿಷಯ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ, ನನಗೆ ಮಾತ್ರ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿನ ತಗಡಿಗೆ ಕೂಡಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅವುಗಳಿಂದ ಬರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಆ ತಗಡು 230ರ ಅರ್ಧಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ ಏರಿ ಕೂರುತ್ತದೆ. ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್ ಎನ್ನುತ್ತದೆ. ಹಿಂಭಾಗದ ಬಣ್ಣವಿಲ್ಲದ ತಗಡಿಗೆ ಟೆಸ್ಟರ್ ಇಟ್ಟು ನೋಡಿ, ಮಿಣಮಿಣ ಉರಿದರೆ ನಿಮ್ಮ ಪ್ಲಗ್ಗಿನ ದಪ್ಪ ಪಿನ್ ಎಲ್ಲಿಗೂ ಹೋಗಿಲ್ಲ ಎಂದೇ ಅರ್ಥ.

ಅರ್ಥಿಂಗ್ ಇಲ್ಲದೆ ಸ್ಪೈಕ್ ಗಾರ್ಡ್ ಅರ್ಧ ಸತ್ತ ಹಾಗೆ. ಯಾಕೆ ಎಂದರೆ ಅದರೊಳಗೆ ಇರುವ ಯಂತ್ರ ಬಹಳ ಸರಳ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ಹೆಚ್ಚಾಗಿ ನೀಲಿ ಬಣ್ಣದ ಬಿಲ್ಲೆ, ಹೆಸರು ಎಂಒವಿ. ಒಳಗೆ ಸತುವಿನ ಆಕ್ಸೈಡ್. ಮಾಮೂಲಿ ವೋಲ್ಟೇಜಿನಲ್ಲಿ ಅದು ಸುಮ್ನೆ ಕೂತಿರುತ್ತದೆ, ಏನೂ ಹರಿಯಲು ಬಿಡುವುದಿಲ್ಲ. ಒಮ್ಮೆಲೇ ವೋಲ್ಟೇಜ್ ಜಿಗಿದರೆ ದಾರಿ ತೆರೆದು ಆ ಜಾಸ್ತಿಯನ್ನು ಪಕ್ಕಕ್ಕೆ ಹರಿಸುತ್ತದೆ. ನಮ್ಮಲ್ಲಿ ಹಾಕುವ 275 ವೋಲ್ಟಿನ ಬಿಲ್ಲೆ ಆ ಜಿಗಿತವನ್ನು ಸುಮಾರು 700 ವೋಲ್ಟಿಗೆ ತಡೆದು ಹಿಡಿಯುತ್ತದೆ, ಅಷ್ಟನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ. ಒಳ್ಳೆಯ ಗಾರ್ಡಿನಲ್ಲಿ ಇಂಥ ಮೂರು ಬಿಲ್ಲೆ ಇರುತ್ತವೆ: ಫೇಸ್ ನ್ಯೂಟ್ರಲ್ ನಡುವೆ ಒಂದು, ಇವೆರಡರಿಂದ ಅರ್ಥ್‌ಗೆ ಒಂದೊಂದು. ಅರ್ಥ್ ಇಲ್ಲದಿದ್ದರೆ ಕೊನೆಯ ಎರಡು ಕೊಡವಿದ್ದೂ ಬಾವಿ ಇಲ್ಲದ ಹಾಗೆ.

ಈ ಬಿಲ್ಲೆ ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಂದು ದಿನ ಸತ್ತೇ ಹೋಗುತ್ತದೆ. ಆದರೂ ಪ್ಲಗ್ಗಿಗೆ ಕರೆಂಟ್ ಬರುತ್ತಲೇ ಇರುತ್ತದೆ, ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಆ ಕೆಂಪು ದೀಪ ಹೇಳುವುದು ಕರೆಂಟ್ ಇದೆ ಎಂದು ಮಾತ್ರ. ರಕ್ಷಣೆ ಇದೆಯಾ ಎಂದು ಹೇಳಲು ಬೇರೆಯೇ ಒಂದು ದೀಪ ಇರಬೇಕು, ಅದು ಇರುವುದನ್ನೇ ತೆಗೆದುಕೊಳ್ಳಿ, ಡಬ್ಬದ ಮೇಲೆ ಎಷ್ಟು ಜೂಲ್ (ಎಷ್ಟು ಪೆಟ್ಟು ನುಂಗಬಲ್ಲದು ಎನ್ನುವ ಲೆಕ್ಕ) ಅಂತ ಬರೆದಿರುವುದನ್ನು ನೋಡಿ. ಒಮ್ಮೆ ಒಬ್ಬರು ತಂದ ಸ್ಪೈಕ್ ಬಸ್ಟರ್ ಬಿಚ್ಚಿದೆ. ಒಳಗೆ ಮೂರು ತಗಡಿನ ಪಟ್ಟಿ, ಒಂದು ಸ್ವಿಚ್, ಒಂದು ಫ್ಯೂಸ್, ಒಂದು ನಿಯಾನ್ ದೀಪ. ಬಿಲ್ಲೆ ಕೂರಿಸಲು ತೂತು ಮಾತ್ರ ಇತ್ತು, ಬಿಲ್ಲೆ ಇರಲಿಲ್ಲ. ಸೊಗಸಾದ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಅವರು ದುಪ್ಪಟ್ಟು ದುಡ್ಡು ಕೊಟ್ಟಿದ್ದರು ಅಷ್ಟೇ.

ಅರ್ಥಿಂಗ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್ ಕರೆಸಿ, ನೀವೇ ಕೈ ಹಾಕಬೇಡಿ. ಮಲ್ಟಿಮೀಟರಿನಲ್ಲಿ ಫೇಸ್ ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಫೇಸ್ ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ನ್ಯೂಟ್ರಲ್ ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ. ಆದರೆ ಮೀಟರ್ ಸುಳ್ಳೂ ಹೇಳುತ್ತದೆ. ಅದು ಎಳೆಯುವ ಕರೆಂಟ್ ಏನೂ ಅಲ್ಲ, ಹಾಗಾಗಿ ಕೆಟ್ಟ ಅರ್ಥ್ ಕೂಡ ಅದಕ್ಕೆ 230 ತೋರಿಸಿಬಿಡುತ್ತದೆ. ಅನುಭವ ಇರುವವರು ಫೇಸ್ ಅರ್ಥ್ ನಡುವೆ 100 ವ್ಯಾಟಿನ ಹಳೇ ಗಾಜಿನ ಬಲ್ಬ್ ಉರಿಸಿ ನೋಡುತ್ತಾರೆ. ಪೂರಾ ಬೆಳಕು ಬಂದರೆ ಸರಿ. ಮಂಕಾದರೆ ಅರ್ಥ್ ಪೈಪು ಹೂತ ಗುಂಡಿಯಲ್ಲಿ ಕೆಲಸ ಇದೆ. ಮನೆಗೆ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿದ್ದರೆ ಈ ಪರೀಕ್ಷೆಗೆ ಅದು ಬೀಳುತ್ತದೆ, ಗಾಬರಿ ಬೇಡ. ಇನ್ನೊಂದು ವಿಷಯ: ಕೆಲವರು ಜುಮ್ ನಿಲ್ಲಿಸಲು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ಮತ್ತು ಅರ್ಥ್‌ಗೆ ಒಂದು ತುಂಡು ವೈರ್ ಕೂಡಿಸಿ ಹೋಗುತ್ತಾರೆ. ಜುಮ್ ನಿಲ್ಲುತ್ತದೆ. ಆದರೆ ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ಟಿಗೇ ಪೂರಾ ಫೇಸ್ ಬಂದು ನಿಲ್ಲುತ್ತದೆ. ಹಾಗೆ ಮಾಡಿದ್ದಾರಾ ಅಂತ ಬಿಚ್ಚಿಸಿ ನೋಡಿ.

ಮಲೆನಾಡಿನಲ್ಲಿ ಎಂಥಾ ಮಳೆ, ನೆಲ ಸದಾ ಒದ್ದೆ ಅಂತ ನಾವು ಅಂದುಕೊಳ್ಳುತ್ತೇವೆ. ಸಿಡಿಲಿನ ಲೆಕ್ಕವೇ ಬೇರೆ. ಪುಷ್ಯ, ಆಶ್ಲೇಷ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಗುಡುಗು ಕಡಿಮೆ. ಗುಡುಗಿನ ಅಬ್ಬರ ಭರಣಿ, ಕೃತ್ತಿಕೆಯಲ್ಲಿ, ಮತ್ತೆ ಚಿತ್ತೆ, ಸ್ವಾತಿಯಲ್ಲಿ. ಭರಣಿಯ ಹೊತ್ತಿಗೆ ನಾಲ್ಕು ತಿಂಗಳ ಬಿಸಿಲು ಕುಡಿದ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತದೆ, ಅರ್ಥ್ ಪೈಪು ಅತಿ ಕೆಟ್ಟದಾಗಿ ಇರುವುದು ಆಗಲೇ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಮಾರ್ಚ್‌ನಿಂದ ವಾರಕ್ಕೆ ಎರಡು ಕೊಡ ನೀರು ಹಾಕಿಸಿ. ಪಾತ್ರೆ ತೊಳೆದ ನೀರಾದರೂ ಸೈ.

ಯುಪಿಎಸ್ ವಿಷಯಕ್ಕೆ ಬರುತ್ತೇನೆ. ಬೇಕು, ಆದರೆ ಸಿಡಿಲಿಗಲ್ಲ. ಎರಡು ಕಾರಣಕ್ಕೆ ಬೇಕು: ನಿಮ್ಮ ಸಂಜೆಯ ಕಡಿಮೆ ವೋಲ್ಟೇಜಿಗೆ, ಮತ್ತು ಇನ್ವರ್ಟರ್ ಎಚ್ಚೆತ್ತುಕೊಳ್ಳುವ ತನಕದ ಆ ಒಂದು ಚಿಟಿಕೆ ಹೊತ್ತಿಗೆ. ಕರೆಂಟ್ ಹೋದ ಮೇಲೆ ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನ ಹೊಟ್ಟೆಯಲ್ಲಿ ಇರುವುದರಲ್ಲಿ ಸುಮಾರು 16 ಮಿಲಿಸೆಕೆಂಡ್ ತಳ್ಳುತ್ತದೆ. ಇನ್ವರ್ಟರ್ ಮಾಮೂಲಿ ಮೋಡಿನಲ್ಲಿ ಬದಲಾಗಲು 40 ಮಿಲಿಸೆಕೆಂಡ್ ತನಕ ತೆಗೆದುಕೊಳ್ಳಬಹುದು. ಫ್ಯಾನ್, ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಅದಕ್ಕೇ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಪುಟ್ಟ ಸ್ವಿಚ್ ಕೊಟ್ಟಿರುತ್ತಾರೆ. ಅದನ್ನು ಹಾಕಿದರೆ ಹತ್ತು ಹನ್ನೆರಡು ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ಪೇಟೆಯಲ್ಲಿ ಇರುವವರಿಗೆ ನಾನು ಇಷ್ಟೇ ಹೇಳಿ ಕಳಿಸುತ್ತೇನೆ, ಸ್ವಿಚ್ ಹಾಕಿ, ಯುಪಿಎಸ್ ದುಡ್ಡು ಉಳಿಸಿ.

ನಿಮ್ಮಲ್ಲಿ ಅದು ನಡೆಯುವುದಿಲ್ಲ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಬಹಳ ಮಡಿವಂತ, ಸಾಮಾನ್ಯವಾಗಿ ವೋಲ್ಟೇಜ್ 180ಕ್ಕಿಂತ ಕೆಳಗೆ ಹೋದರೆ ಲೈನಿನ ಕರೆಂಟ್ ಮುಟ್ಟದೆ ಬ್ಯಾಟರಿಗೆ ಹಾರುತ್ತದೆ. ಸಂಜೆ ಎಲ್ಲರ ಪಂಪ್‌ಸೆಟ್ ಶುರುವಾಗಿ ನಿಮಗೆ 160, 170 ಬರುತ್ತಿದ್ದರೆ, ಕರೆಂಟ್ ಇದ್ದೂ ಇನ್ವರ್ಟರ್ ಬ್ಯಾಟರಿ ದಿನಾ ಖಾಲಿಯಾಗುತ್ತದೆ. ಹಾಗಾಗಿ ಇನ್ವರ್ಟರನ್ನು ಮಾಮೂಲಿ ಮೋಡಿನಲ್ಲೇ ಬಿಡಿ, ಕಂಪ್ಯೂಟರಿಗೆ ಮಾತ್ರ ಇನ್ವರ್ಟರ್ ಲೈನಿನ ಸಾಕೆಟ್ಟಿನಿಂದ ಒಂದು ಸಣ್ಣ ಲೈನ್ ಇಂಟರ್‌ಆಕ್ಟಿವ್ ಯುಪಿಎಸ್ ಹಾಕಿ. ಅದರೊಳಗೆ ಎವಿಆರ್, ಅಂದರೆ ವೋಲ್ಟೇಜ್ ಸರಿಪಡಿಸುವ ಭಾಗ, ಇರುತ್ತದೆ, 140ರಿಂದ 300 ವೋಲ್ಟ್ ತನಕ ನಡೆಯುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನು ಆರಿಸಿ. ಕಡಿಮೆ ಬಂದದ್ದನ್ನು ಅದು ಬ್ಯಾಟರಿ ಮುಟ್ಟದೆಯೇ ಏರಿಸಿಕೊಡುತ್ತದೆ. ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು ಬಂದರೆ ರಿಲೇ ಕೆಲಸ ಮಾಡುತ್ತಿದೆ ಅಂತ, ಹೆದರಬೇಡಿ. ಆ 40 ಮಿಲಿಸೆಕೆಂಡನ್ನು ಯುಪಿಎಸ್ ನೋಡಿಕೊಳ್ಳುತ್ತದೆ, ಮುಂದಿನ ಮೂರು ಗಂಟೆಯನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಇದಕ್ಕೆ ಇನ್ವರ್ಟರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೆ ನುಣುಪಾದ ಅಲೆ ಕೊಡುವಂಥದ್ದು ಆಗಿರಬೇಕು. ಹಳೇ ಸ್ಕ್ವೇರ್ ವೇವ್ ಆದರೆ ಯುಪಿಎಸ್ ಅದನ್ನು ಕರೆಂಟ್ ಅಂತ ಒಪ್ಪದೆ ಬೀಪ್ ಹೊಡೆಯುತ್ತಾ ತನ್ನ ಬ್ಯಾಟರಿಯನ್ನೇ ತಿನ್ನುತ್ತದೆ. ಕೊಳ್ಳುವ ಮೊದಲು ಯಾರದ್ದಾದರೂ ಯುಪಿಎಸ್ ತಂದು ಹಾಕಿ ನೋಡಿ.

1100 ವಿಎ ಬೇಡ. ವಿಎ ನೋಡಲೇಬೇಡಿ, ವ್ಯಾಟ್ ನೋಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಕೆಲಸದ ಕಂಪ್ಯೂಟರ್, ಮಾನಿಟರ್ ಸೇರಿ 100, 150 ವ್ಯಾಟ್ ದಾಟುವುದು ಅಪರೂಪ. ಒಳಗಿರುವ ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಗುಣಿಸಿದರೆ 84 ವ್ಯಾಟ್ ಅವರ್. 150 ವ್ಯಾಟಿಗೆ ಅರ್ಧ ಗಂಟೆ ಬರಬೇಕಲ್ಲ ಅಂತ ಕೇಳಬಹುದು. ಬರುವುದಿಲ್ಲ. ಆ 7 ಎನ್ನುವ ಲೆಕ್ಕ 20 ಗಂಟೆ ನಿಧಾನವಾಗಿ ಎಳೆದರೆ ಮಾತ್ರ. ಗಬಗಬ ಎಳೆದರೆ ಅರ್ಧವೂ ಕೈಗೆ ಸಿಗುವುದಿಲ್ಲ. ಹತ್ತು ಹದಿನೈದು ನಿಮಿಷ ಅಂತ ಇಟ್ಟುಕೊಳ್ಳಿ, ಇನ್ವರ್ಟರ್ ಕೂಡ ಕೈಕೊಟ್ಟ ದಿನ ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಧಾರಾಳ.

ಯುಪಿಎಸ್‌ಗೆ ಸ್ಪೈಕ್ ಗಾರ್ಡ್ ಸಿಕ್ಕಿಸಬೇಡಿ. ಅಂಗಡಿಯವರು ಹೇಳಿದ್ದು ಇಲ್ಲಿ ತಪ್ಪು. ಬ್ಯಾಟರಿಯಲ್ಲಿ ಓಡುವಾಗ ಸಣ್ಣ ಯುಪಿಎಸ್ ಕೊಡುವುದು ನುಣುಪಾದ ಅಲೆ ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ, ಗಾರ್ಡಿನ ಫಿಲ್ಟರಿಗೆ ಅದು ಒಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಖಾಲಿ ಸಾಕೆಟ್. ನಾಲ್ಕು ತೂತು ಖಾಲಿ ಕಂಡರೆ ಮನೆಯಲ್ಲಿ ಯಾರಿಗೂ ಕೈ ಸುಮ್ಮನಿರುವುದಿಲ್ಲ. ಮಗಳು ಪ್ರಿಂಟರ್ ಹಾಕುತ್ತಾಳೆ, ಇನ್ಯಾರೋ ಇಸ್ತ್ರಿಪೆಟ್ಟಿಗೆ ಹಾಕುತ್ತಾರೆ. ಲೇಸರ್ ಪ್ರಿಂಟರ್ ಒಂದೇ ಬಿಸಿಯಾಗುವಾಗ 500 ವ್ಯಾಟಿಗಿಂತ ಜಾಸ್ತಿ ಎಳೆಯುತ್ತದೆ. ಯುಪಿಎಸ್ ನೇರ ಗೋಡೆಗೆ, ಕಂಪ್ಯೂಟರ್ ಮತ್ತು ಮಾನಿಟರ್ ನೇರ ಯುಪಿಎಸ್‌ಗೆ. ಸ್ಪೈಕ್ ಗಾರ್ಡನ್ನು ಟಿವಿಗೆ ಕೊಟ್ಟುಬಿಡಿ.

ಇನ್ನೊಂದು ಕಾಯಿಲೆಗೆ ಇವು ಯಾವುವೂ ಮದ್ದಲ್ಲ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್‌ನಿಂದ) ಬರುವ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಮನೆಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ಬಂದು ನಿಲ್ಲುತ್ತದೆ. ಸ್ಪೈಕ್ ಗಾರ್ಡಿನ ಬಿಲ್ಲೆ ಕ್ಷಣದ ಪೆಟ್ಟಿಗೆ ಮಾಡಿದ್ದು, ನಿಮಿಷಗಟ್ಟಲೆ ನಿಂತ ಜಾಸ್ತಿ ವೋಲ್ಟೇಜಿಗೆ ಅದೇ ಸುಟ್ಟು ಹೊಗೆಯಾಡುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹಲಸಿನ ಕೊಂಬೆ ಬಿದ್ದು ಹೀಗಾದಾಗ ಮೊದಲು ಬಲ್ಬುಗಳು ಬೆಳ್ಳಗೆ ಉರಿದವು, ಎಷ್ಟು ಚೆಂದ ಕರೆಂಟ್ ಬಂತು ಎನ್ನುವಷ್ಟರಲ್ಲಿ ಫ್ರಿಡ್ಜ್, ಟಿವಿ ಎರಡೂ ಹೋದವು. ಇದಕ್ಕೆ ಮೇನ್ ಬೋರ್ಡಿನಲ್ಲೇ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಬೇಕು, ವೋಲ್ಟೇಜ್ ಮಿತಿ ಮೀರಿದರೆ ಇಡೀ ಮನೆಯ ಲೈನ್ ಕಡಿದುಬಿಡುತ್ತದೆ. ಅರ್ಥಿಂಗ್ ಸರಿ ಮಾಡಲು ಎಲೆಕ್ಟ್ರಿಷಿಯನ್ ಬಂದಾಗಲೇ ಇದನ್ನೂ, ಜೊತೆಗೆ ಟೈಪ್ 2 ಎಸ್‌ಪಿಡಿಯನ್ನೂ ಹಾಕಿಸಿ. ಎಸ್‌ಪಿಡಿ ಅಂದರೆ ಅದೇ ನೀಲಿ ಬಿಲ್ಲೆಯ ದೊಡ್ಡಣ್ಣ. ಅದಕ್ಕೂ ಅರ್ಥ್ ಬೇಕೇ ಬೇಕು.

ಯುಪಿಎಸ್ ಬ್ಯಾಟರಿ ಬಗ್ಗೆ ಎರಡು ಮಾತು. ಎರಡು ಮೂರು ವರ್ಷ ಬರುತ್ತದೆ, ಬಿಸಿಲು ಬೀಳುವ ಜಾಗದಲ್ಲಿ ಇಟ್ಟರೆ ಅಷ್ಟೂ ಬರುವುದಿಲ್ಲ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತದ್ದು ಚಾರ್ಜ್ ಇಲ್ಲದೆ ಒಳಗೇ ಕೆಟ್ಟಿರುತ್ತದೆ. ಎರಡು ತಿಂಗಳಿಗೊಮ್ಮೆ ಕೆಲಸ ಸೇವ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಎಷ್ಟು ನಿಮಿಷ ಓಡಿತು ಎಂದು ಯುಪಿಎಸ್ ಮೇಲೆಯೇ ಚೀಟಿ ಅಂಟಿಸಿ ಬರೆದಿಡಿ. ಈ ಪರೀಕ್ಷೆಗೆ ಮಾತ್ರ ಸ್ವಿಚ್ ಸಾಕು, ಪಿನ್ ಕೀಳಬೇಡಿ, ಪಿನ್ ಕಿತ್ತರೆ ಅರ್ಥ್ ಕೂಡ ಹೋಗುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅಂದೇ ತೆಗೆಯಿರಿ. ಹಳೆಯದನ್ನು ಅಂಗಡಿಗೆ ವಾಪಸ್ ಕೊಟ್ಟರೆ ಹೊಸದರಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ, ಗುಜರಿಗೆ ಹಾಕಬೇಡಿ, ಒಳಗೆ ಸೀಸ ಇರುತ್ತದೆ.

ವೈಫೈ ಡಾಂಗಲ್ ಹಾಕಿದ ಮೇಲೆ ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಆ ಸತ್ತ ಲ್ಯಾನ್ ಪೋರ್ಟನ್ನು ಆಫ್ ಮಾಡಲು ಮಗಳಿಗೆ ಹೇಳಿ. ಅರ್ಧ ಸತ್ತ ಚಿಪ್ ಕೆಲವೊಮ್ಮೆ ಒಳಗೇ ಬಿಸಿಯಾಗುತ್ತಾ ಕಂಪ್ಯೂಟರನ್ನು ನಡುನಡುವೆ ನಿಲ್ಲಿಸುತ್ತದೆ. ಅರ್ಧ ಗಂಟೆ ಓಡಿಸಿ, ಶಟ್‌ಡೌನ್ ಮಾಡಿ, ಪಿನ್ ಕಿತ್ತು, ಪಕ್ಕದ ತಗಡು ಬಿಚ್ಚಿ ಆ ಚಿಪ್ಪಿನ ಮೇಲೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಮಾತ್ರ ಬೋರ್ಡ್ ರಿಪೇರಿಯವರ ಹತ್ತಿರ ಒಯ್ದು ಆ ಚಿಪ್ ಒಂದನ್ನೇ ತೆಗೆಸಿಬಿಡಿ.